ಲಿಂಕ್ ಕಾಲುವೆಯ ಅಪಾಯ: ವಿಮೆಗೆ ಒಳಪಡುವುದೆಷ್ಟು?

ಹೇಮಾವತಿಯ ತುಮಕೂರು ಶಾಖಾ ನಾಲೆಯ ನೀರನ್ನು ಕೊಳವೆಯಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವೆಚ್ಚ ಸುಮಾರು 1,000 ಕೋಟಿ ರೂಪಾಯಿ. ನಾಲೆಯ ತುದಿಗೆ ಪಾಲಿನ ನೀರೇ ಬರುವುದಿಲ್ಲ ಎಂಬುದು ಕುಣಿಗಲ್ಲಿನವರ ಅಳಲು. ಇರುವ ನೀರೂ ಕೈತಪ್ಪುತ್ತದೆ ಎಂಬುದು ಗುಬ್ಬಿ, ತುಮಕೂರು ಭಾಗದ ರೈತರ ಆತಂಕ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆ ತೀವ್ರಗೊಂಡು ಕೆಲಸ ನಿಂತಿತು. ಇಂಥ ಕಾಮಗಾರಿಯ ಯಾವ ನಷ್ಟವನ್ನು ವಿಮೆ ಹೊರುತ್ತದೆ?

ಗುತ್ತಿಗೆದಾರರು ಸಾಮಾನ್ಯವಾಗಿ ಮಾಡಿಸುವುದು ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್’ ಪಾಲಿಸಿ. ಲಂಡನ್ನಿನ ಲ್ಯಾಂಬೆತ್ ಸೇತುವೆಗೆ 1929ರಲ್ಲಿ ನೀಡಿದ್ದು ಈ ಬಗೆಯ ಮೊದಲ ಪಾಲಿಸಿ ಎನ್ನುತ್ತಾರೆ. ಅನಿರೀಕ್ಷಿತವಾಗಿ, ಹಠಾತ್ತನೆ ಸಂಭವಿಸಿದ ಭೌತಿಕ ಹಾನಿಗೆ ಇದರಲ್ಲಿ ಪರಿಹಾರವಿದೆ. ಮಳೆಗೆ ಕಂದಕ ಕುಸಿದರೆ, ದಾಸ್ತಾನಿಗೆ ಬೆಂಕಿ ಬಿದ್ದರೆ ಹಣ ಬರುತ್ತದೆ. ತಪ್ಪು ವಿನ್ಯಾಸ, ಸವೆತ, ವಿಳಂಬದ ದಂಡ, ಕೆಲಸ ನಿಂತದ್ದರ ನಷ್ಟ ಇವು ಹೊರಗೆ.

ಅನಿರೀಕ್ಷಿತ ಎಂಬ ಷರತ್ತು ಎಷ್ಟು ಬಿಗಿಯಾದದ್ದೆಂದು ತುಮಕೂರಿನ ಮರಳೂರು ಕೆರೆ ಬಯಲಲ್ಲಿ ಪಾಯ ತೋಡಿಸುವವರು ಯೋಚಿಸಬೇಕು. ಮಣ್ಣು ಪರೀಕ್ಷೆಯ ವರದಿಯಲ್ಲೇ ಜಲಮಟ್ಟ ಮೇಲಿದೆ ಎಂದಿದ್ದರೆ, ಗುಂಡಿಗೆ ಜಿನುಗಿದ ನೀರನ್ನು ಪಂಪು ಹಚ್ಚಿ ತೆಗೆಯುವುದು ಅವಘಡವಲ್ಲ, ಕಾಮಗಾರಿಯ ಖರ್ಚು. ಅಗೆತದ ಕಂಪನಕ್ಕೆ ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟರೂ ಮೂಲ ಪಾಲಿಸಿ ಹೊಣೆ ಹೊರುವುದಿಲ್ಲ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು.

ಲಿಂಕ್ ಕಾಲುವೆಗೆ ಮರಳೋಣ. ಚಳವಳಿಯಲ್ಲಿ ಪೈಪು ಒಡೆಯಿತೆಂದು ಇಟ್ಟುಕೊಳ್ಳಿ. ಗಲಭೆ, ಮುಷ್ಕರದ ರಕ್ಷಣೆ ಪಡೆದಿದ್ದರೆ ಪೈಪಿನ ಬೆಲೆ ಸಿಗುತ್ತದೆ. ಅದೇ ಚಳವಳಿಯಿಂದ ಆರು ತಿಂಗಳು ಕೆಲಸ ನಿಂತರೆ ಏನೂ ಸಿಗುವುದಿಲ್ಲ. ವಿಳಂಬಕ್ಕೆಂದೇ ಇರುವ ವಿಮೆಯೂ ಮೊದಲು ಭೌತಿಕ ಹಾನಿಯನ್ನು ತೋರಿಸಿ ಎನ್ನುತ್ತದೆ. ನನಗೆ ಈ ವ್ಯತ್ಯಾಸ ನ್ಯಾಯವೆಂದೇ ಕಾಣುತ್ತದೆ. ಒಡೆದ ಪೈಪಿಗೆ ದಿನಾಂಕವಿದೆ, ಬೆಲೆಯಿದೆ. ಸಾವಿರಾರು ಕಾಮಗಾರಿಗಳ ಅನುಭವದಿಂದ ಅದರ ಸಂಭವವನ್ನು ಲೆಕ್ಕ ಹಾಕಬಹುದು. ನೀರು ಹಂಚಿಕೆಯ ಜಗಳ ಎಂದು ಮುಗಿದೀತೆಂಬುದಕ್ಕೆ ಅಂಥ ಲೆಕ್ಕವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಕಾಮಗಾರಿಯ ಒಡೆಯನಾದ ಸರ್ಕಾರ ಹಲವು ವೇಳೆ ಗುತ್ತಿಗೆದಾರನ ಜೊತೆಗೆ ತಾನೂ ವಿಮಾದಾರ. ಕೆಲಸ ನಿಲ್ಲಿಸುವುದೂ ನಡೆಸುವುದೂ ಅದರದೇ ತೀರ್ಮಾನವಾದಾಗ, ನಷ್ಟವು ಆಕಸ್ಮಿಕವಾಗಿ ಉಳಿಯುವುದಿಲ್ಲ.

ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ಶ್ಯೂರಿಟಿ ವಿಮೆಯೂ ಇಲ್ಲಿ ನೆರವಾಗದು. ಅದು ಗುತ್ತಿಗೆದಾರ ಮಾತಿಗೆ ತಪ್ಪಿದಾಗ ಒಡೆಯನನ್ನು ಕಾಯುತ್ತದೆ.

ಕೆಲಸ ನಿಲ್ಲುವ ಈ ಅಪಾಯವನ್ನು ಗುತ್ತಿಗೆದಾರನ ತಲೆಗೆ ಕಟ್ಟಿದರೆ ಆತ ಅದನ್ನು ಟೆಂಡರ್ ದರದಲ್ಲಿ ಸೇರಿಸುತ್ತಾನೆ, ಇಲ್ಲವೇ ಮುಂದೆ ಪಂಚಾಯ್ತಿಕೆಗೆ ಹೋಗುತ್ತಾನೆ. ಎರಡರಲ್ಲೂ ತೆರುವುದು ಜನರೇ. ಆದ್ದರಿಂದ ಕೆಲಸ ನಿಂತರೆ ಆಗುವ ವೆಚ್ಚ ಸರ್ಕಾರದ್ದೆಂದು ಕರಾರಿನಲ್ಲೇ ಬರೆಯಬೇಕು. ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು ಎಂಬುದು ಎರಡೂ ಕಡೆಯವರ ಎದುರಲ್ಲಿ ಇತ್ಯರ್ಥವಾಗದೆ ಇಂಥ ಕಾಮಗಾರಿಗೆ ಟೆಂಡರ್ ಕರೆಯಬಾರದು.