ಕಡಲತೀರದ ಕಸವನ್ನು ಎಣಿಸಿದವರು

ಸಮುದ್ರಕ್ಕೆ ಕಸ ಎಸೆಯುವ ಅಭ್ಯಾಸ ಹೊಸದೇನಲ್ಲ. ನಾವಿಕರು ಹಿಂದಿನಿಂದಲೂ ಅಡುಗೆಯ ಉಳಿಕೆ, ಹರಿದ ಹಗ್ಗ, ಮುರಿದ ಪೆಟ್ಟಿಗೆಗಳನ್ನು ನೀರಿಗೇ ಹಾಕುತ್ತಿದ್ದರು. ಹತ್ತಿಯ ಬಲೆ, ನಾರಿನ ಹಗ್ಗ, ಮರ ಇವೆಲ್ಲ ಕ್ರಮೇಣ ಕೊಳೆತುಹೋಗುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ಅವುಗಳ ಜಾಗಕ್ಕೆ ನೈಲಾನ್ ಮತ್ತು ಪ್ಲಾಸ್ಟಿಕ್ ಬಂದವು. ಆದರೆ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ಪ್ಲಾಸ್ಟಿಕ್ ಸುಲಭವಾಗಿ ಕೊಳೆಯುವುದಿಲ್ಲ. ಬಿಸಿಲಿಗೆ, ಅಲೆಗಳ ಹೊಡೆತಕ್ಕೆ ಚೂರುಚೂರಾಗುತ್ತದೆ, ಅಷ್ಟೆ. ಆ ಚೂರುಗಳನ್ನು ಆಹಾರವೆಂದು ನುಂಗಿ, ತುಂಡಾದ ಬಲೆಗಳಲ್ಲಿ ಸಿಕ್ಕಿಕೊಂಡು ಕಡಲಹಕ್ಕಿಗಳೂ ಆಮೆಗಳೂ ಸಾಯತೊಡಗಿದವು.

ಇದನ್ನು ತಡೆಯಲು ಸಾಮಾನ್ಯ ಜನರಿಂದ ಏನು ಸಾಧ್ಯ? ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ 1984ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ಉತ್ತರ ದೊರೆಯಿತು. ಜೂಡಿ ನೀಲ್ಸನ್ ಎಂಬ ಮಹಿಳೆಯ ಕರೆಗೆ ಓಗೊಟ್ಟು ಸುಮಾರು 2,100 ಮಂದಿ ತೀರಕ್ಕೆ ಬಂದು, ಕೆಲವೇ ಗಂಟೆಗಳಲ್ಲಿ 26 ಟನ್‌ಗಳಷ್ಟು ಕಸ ಹೆಕ್ಕಿದರು. ಎರಡು ವರ್ಷಗಳ ನಂತರ, 1986ರ ಸೆಪ್ಟೆಂಬರ್‌ನಲ್ಲಿ, ಟೆಕ್ಸಾಸ್‌ನಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಇಂಥದೇ ಕಾರ್ಯ ಕೈಗೊಂಡರು. ಸುಮಾರು 2,800 ಸ್ವಯಂಸೇವಕರು 122 ಮೈಲಿ ತೀರದಿಂದ 124 ಟನ್ ಕಸ ತೆಗೆದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಗಮನಿಸಬೇಕಾದದ್ದು ಕಸದ ತೂಕವನ್ನಲ್ಲ. ಟೆಕ್ಸಾಸ್‌ನ ಸ್ವಯಂಸೇವಕರ ಕೈಯಲ್ಲಿ ಚೀಲದ ಜೊತೆಗೆ ಒಂದು ಕಾರ್ಡೂ ಪೆನ್ಸಿಲೂ ಇದ್ದವು. ಸಿಕ್ಕಿದ ಪ್ರತಿಯೊಂದು ವಸ್ತುವನ್ನೂ ಅವರು ಬರೆದುಕೊಳ್ಳಬೇಕಾಗಿತ್ತು. ತೀರದ ಕಸವೆಲ್ಲ ವಿಹಾರಕ್ಕೆ ಬಂದವರದೇ ಎಂದು ಭಾವಿಸುವುದು ಸುಲಭ. ಪಟ್ಟಿ ಬೇರೆಯೇ ಕಥೆ ಹೇಳಿತು. ಹಡಗಿನ ಅಡುಗೆಮನೆಯ ಡಬ್ಬಿಗಳು, ತೈಲಬಾವಿಯ ಕೊಳವೆಗಳ ಮುಚ್ಚಳಗಳು, ಕಂಪ್ಯೂಟರ್ ಟೇಪಿಗೆ ಹಾಕುವ ಪ್ಲಾಸ್ಟಿಕ್ ಉಂಗುರಗಳು! ಆ ಉಂಗುರಗಳು ಸಮುದ್ರದಡಿ ತೈಲ ಹುಡುಕುವ ಸಮೀಕ್ಷಾ ಹಡಗುಗಳತ್ತ ಬೆರಳು ಮಾಡುತ್ತಿದ್ದವು. ಕಸವೇ ಸಾಕ್ಷಿಯಾಯಿತು.

ಹಡಗುಗಳಿಂದ ಪ್ಲಾಸ್ಟಿಕ್ ಎಸೆಯುವುದನ್ನು ನಿಷೇಧಿಸುವ ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧ ಆಗ ಸಾಕಷ್ಟು ರಾಷ್ಟ್ರಗಳ ಸಮ್ಮತಿಗಾಗಿ ಕಾಯುತ್ತಿತ್ತು. ಅದಕ್ಕಾಗಿ ವಾದಿಸುತ್ತಿದ್ದವರಿಗೆ ಈ ಅಂಕಿ ಅಂಶಗಳು ಬಲ ನೀಡಿದವು. 1987ರಲ್ಲಿ ಅಮೆರಿಕ ಸಮ್ಮತಿ ಸೂಚಿಸಿತು. 1988ರ ಡಿಸೆಂಬರ್ 31ರಂದು ಅನುಬಂಧ ಜಾರಿಗೆ ಬಂತು. ಮರುವರ್ಷ ಕೆನಡಾ, ಮೆಕ್ಸಿಕೋಗಳೂ ಸೇರಿ ಶುಚಿಕಾರ್ಯ ಅಂತರರಾಷ್ಟ್ರೀಯವಾಯಿತು. 2019ರಲ್ಲಿ ಐರೋಪ್ಯ ಒಕ್ಕೂಟವು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಮೇಲೆ ಕಾನೂನು ಮಾಡಿದಾಗಲೂ, ಯಾವ ವಸ್ತುಗಳನ್ನು ಗುರಿಯಾಗಿಸಬೇಕೆಂದು ತಿಳಿಸಿದ್ದು ತೀರಗಳಲ್ಲಿ ಮಾಡಿದ ಎಣಿಕೆಯೇ.

ನಮ್ಮ ದೇಶದಲ್ಲಿ ಮುಂಬಯಿಯ ವರ್ಸೋವಾ ತೀರ ಹೆಸರಾಗಿದೆ. ಯುವ ವಕೀಲ ಅಫ್ರೋಜ್ ಷಾ 2015ರಲ್ಲಿ ನೆರೆಯ ಹಿರಿಯರೊಬ್ಬರೊಂದಿಗೆ ಅಲ್ಲಿ ಕಸ ಹೆಕ್ಕಲಾರಂಭಿಸಿದರು. ಕ್ರಮೇಣ ಸಾವಿರಾರು ಜನ ಕೈಜೋಡಿಸಿದರು. 2018ರ ಮಾರ್ಚ್‌ನಲ್ಲಿ ಆಲಿವ್ ರಿಡ್ಲೆ ಆಮೆಮರಿಗಳು ಆ ಮರಳಿನಿಂದ ಕಡಲಿಗೆ ಹರಿದುಹೋದವು. ಆದರೆ ಮಳೆಗಾಲ ಬಂದರೆ ನಗರದ ತ್ಯಾಜ್ಯ ಮತ್ತೆ ತೀರಕ್ಕೆ ಬರುತ್ತದೆ. ಅದಕ್ಕೇ ಅವರು ಮುಂದೆ ಮಿಠಿ ನದಿಯ ಶುಚಿಕಾರ್ಯಕ್ಕೂ ಇಳಿದರು. ಮೂಲ ತಿಳಿಯದೆ ಹೆಕ್ಕುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ.

ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಶುಚಿತ್ವ ದಿನ. ಮಂಗಳೂರಿನ ಸುತ್ತಲ ತೀರಗಳಲ್ಲಿ ಕರಾವಳಿ ರಕ್ಷಣಾ ಪಡೆಯೊಂದಿಗೆ ವಿದ್ಯಾರ್ಥಿಗಳೂ ಪಾಲ್ಗೊಳ್ಳುವುದುಂಟು. ನೀವು ಹೋಗುವಿರಾದರೆ ಚೀಲದೊಡನೆ ಒಂದು ನೋಟುಪುಸ್ತಕವನ್ನೂ ಒಯ್ಯಿರಿ. ಹೆಕ್ಕಿದ ಕಸ ಆ ದಿನದ ತೀರವನ್ನು ಶುಚಿ ಮಾಡೀತು. ಬರೆದಿಟ್ಟ ಲೆಕ್ಕ ನಾಳಿನ ಕಸವನ್ನು ತಡೆದೀತು.