ಹುಂಡುಕೋಳಿಗೆ ಎಷ್ಟು ಹೆಸರು?

ಪೊನ್ನಂಪೇಟೆಯ ಕಡೆ ನೆಂಟರ ಮನೆಗೆ ಹೋಗಿದ್ದೆ. ಸಂಜೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ ಪೊದೆಯಿಂದ ಹೊರಬಿದ್ದ ಹಕ್ಕಿಯೊಂದು ನಮ್ಮನ್ನು ಕಂಡು ಗಿಡ್ಡ ಬಾಲವನ್ನು ಮೇಲಕ್ಕೆ ಕುಣಿಸುತ್ತ ಓಟ ಕಿತ್ತಿತು. ಬೆನ್ನು ಕಪ್ಪು, ಮುಖ, ಎದೆ ಸುಣ್ಣ ಬಳಿದಂತೆ ಬಿಳುಪು. ಮೊಮ್ಮಗಳು ಕೈಯಲ್ಲಿದ್ದ ಫೋನನ್ನು ನೋಡಿ, "ತಾತ, ಇದು ವೈಟ್-ಬ್ರೆಸ್ಟೆಡ್ ವಾಟರ್‌ಹೆನ್" ಎಂದಳು. "ನಾವು ಹುಂಡುಕೋಳಿ ಅನ್ನುತ್ತೇವೆ, ಮಗು" ಎಂದೆ. ಬದು ಕಡಿಯುತ್ತಿದ್ದ ವಯನಾಡಿನ ಆಳು ತಲೆಯೆತ್ತಿ, "ಕುಳಕ್ಕೋಳಿ" ಎಂದು ನಮ್ಮಿಬ್ಬರನ್ನೂ ತಿದ್ದಿದ. ಅವನ ಕುಳವೂ ನಮ್ಮ ಕೊಳವೂ ಒಂದೇ.

ಓದುಗರಲ್ಲಿ ಅನೇಕರು ಬೆಂಗಳೂರಿನ ಕೆರೆಗಳ ಜೊಂಡಿನಲ್ಲಿಯೂ ಇದನ್ನು ಕಂಡಿರಬೇಕು. ತಮಿಳರಿಗೆ ಇದು ಕಂಬುಳ್ ಕೋಳಿ. ಎಲ್ಲರಿಗೂ ಕೋಳಿಯೇ! ಆದರೆ ಕೋಳಿಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಶಾಸ್ತ್ರಜ್ಞರು ಇದನ್ನು ಸಾರಸ, ಕ್ರೌಂಚಗಳಿರುವ ಗಣದಲ್ಲಿ ಸೇರಿಸಿದ್ದಾರೆ. ಕಪ್ಪು ಮರಿಗಳನ್ನು ಹಿಂದಿಟ್ಟುಕೊಂಡು ಗದ್ದೆಯಲ್ಲಿ ಮೇಯುವ ತಾಯಿಯನ್ನು ಕಂಡ ರೈತನಿಗೆ ಬೇರೆ ಹೆಸರು ತೋಚುವುದಾದರೂ ಹೇಗೆ?

ಶಾಸ್ತ್ರದ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1752ರಿಂದ 1757ರವರೆಗೆ ಸಿಂಹಳದಲ್ಲಿ ಡಚ್ಚರ ಗವರ್ನರನಾಗಿದ್ದ ಲೋಟನ್ ಎಂಬವನು ಅಲ್ಲಿನ ಪ್ರಾಣಿಪಕ್ಷಿಗಳ ಚಿತ್ರಗಳನ್ನು ಡಿ ಬೆವೆರೆ ಎಂಬ ಕಲಾವಿದನಿಂದ ಬರೆಯಿಸಿದ. ಚಿತ್ರಗಳು ಯುರೋಪಿಗೆ ಹೋದವು. ಭಾರತದ ಮುಖವನ್ನೇ ಕಾಣದ ಥಾಮಸ್ ಪೆನೆಂಟ್ ಅವುಗಳ ಆಧಾರದಿಂದ ಭಾರತದ ಪ್ರಾಣಿಗಳ ಪುಸ್ತಕವೊಂದನ್ನು ಹೊರಡಿಸಿದ. 1769ರಲ್ಲಿ ನಮ್ಮ ಹಕ್ಕಿಗೆ 'ಫೀನಿಕ್ಯೂರಸ್' ಎಂಬ ಹೆಸರು ಅವನಿಂದ ಬಂತು. ಗ್ರೀಕಿನಲ್ಲಿ ಅದರ ಅರ್ಥ ಕೆಂಬಾಲ. ಎದುರಿಗೆ ಹೊಳೆಯುವ ಬಿಳಿ ಎದೆಯನ್ನು ಬಿಟ್ಟು ಬಾಲದಡಿಯ ಕೆಂಗಂದು ಬಣ್ಣವನ್ನು ಹಿಡಿದರು! ಮುಂದೆ ಸೇರಿದ 'ಅಮೌರಾರ್ನಿಸ್' ಎಂಬ ಕುಲನಾಮಕ್ಕಂತೂ ಮಂಕುಬಣ್ಣದ ಹಕ್ಕಿಯೆಂದು ಅರ್ಥ. ಅದೇ ದ್ವೀಪದ ಸಿಂಹಳೀಯರು ಇದನ್ನು 'ಕೊರವಕ್ಕಾ' ಎನ್ನುತ್ತಾರೆ. ಕೂಗನ್ನು ಕೇಳಿದವರಿಗೆ ಈ ಹೆಸರಿನ ವಿವರಣೆ ಬೇಕಾಗದು.

ಪುಸ್ತಕದ ಹೆಸರು ಪುಸ್ತಕದಲ್ಲಿ ಉಳಿದೀತು. ಊರಿನ ಹೆಸರಿಗೆ ಊರ ಗದ್ದೆಯೇ ಬೇಕು. ಕೊಡಗಿನ ಕಣಿವೆಗಳಲ್ಲಿ ಎಷ್ಟೋ ಗದ್ದೆಗಳು ಈಗ ಪಾಳುಬಿದ್ದಿವೆ; ಕೆಲವಲ್ಲಿ ಮಣ್ಣು ತುಂಬಿಸಿ ಮನೆ ಎಬ್ಬಿಸಿದ್ದಾರೆ. ನೆಂಟರೂ ಕೆಳಗಿನ ಗದ್ದೆಯನ್ನು ಮೂರು ವರ್ಷದಿಂದ ಉತ್ತಿಲ್ಲವಂತೆ. ಆಳು ಸಿಗುವುದಿಲ್ಲವೆಂದರು.

ರಾತ್ರಿ ಮಳೆ ಹಿಡಿಯಿತು. ಕೆಳಗಿನಿಂದ ಎರಡು ಹಕ್ಕಿಗಳು ಒಂದಕ್ಕೊಂದು ಓಗೊಟ್ಟು ಬಿಡುವಿಲ್ಲದೆ ಅರಚತೊಡಗಿದವು. ಮೊಮ್ಮಗಳು ಕಂಬಳಿ ಸರಿಸಿ ಎದ್ದು ಕುಳಿತಳು.

"ತಾತ, ಇದೇನಾ ಕೊರವಕ್ಕಾ?"