ಓಣಿಯನ್ನು ಅಳೆಯುವ ನೂಲು

ಯೆಹೆಜ್ಕೇಲನ ಗ್ರಂಥದ 47ನೇ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಕೈಯಲ್ಲಿ ನೂಲು ಹಿಡಿದು ನೀರನ್ನು ಅಳೆಯುತ್ತಾನೆ. ಸಾವಿರ ಮೊಳ ಅಳೆದಾಗ ನೀರು ಪಾದ ಮುಟ್ಟುವಷ್ಟು, ಮತ್ತೆ ಸಾವಿರಕ್ಕೆ ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ಈಜಲೇಬೇಕಾದ ಹೊಳೆ. ದೇವಾಲಯದ ಹೊಸ್ತಿಲಿನಿಂದ ಹೊರಟ ಆ ನೀರು ಹೋದಲ್ಲೆಲ್ಲ ಜೀವ ಚಿಗುರುತ್ತದೆ. ಯುವಕೂಟದಲ್ಲಿ ಈ ಭಾಗ ಓದಿದಾಗ ನಾವು ಹೊಳೆಯ ಬಗ್ಗೆ ಮಾತಾಡುತ್ತೇವೆ, ನೂಲನ್ನು ಮರೆಯುತ್ತೇವೆ. ಈ ಸಲ ನಾನು ಬರೆಯುವುದು ನೂಲಿನ ಬಗ್ಗೆ: ಒಂದು ಓಣಿ, ಒಂದು ಬಡಾವಣೆ ಬಾಳಿಕೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಜನ ಹೇಗೆ ಅಳೆಯುತ್ತ ಬಂದರು ಎಂಬ ಬಗ್ಗೆ.

ನಮ್ಮ ಕಡೆ ಈ ಅಳತೆಯನ್ನು ಜೋರಾಗಿ ಶುರು ಮಾಡಿಸಿದ್ದು ಪ್ಲೇಗು. 1896ರಲ್ಲಿ ಅದು ಮುಂಬಯಿಗೆ ಬಂತು, 1898ರಲ್ಲಿ ಬೆಂಗಳೂರಿಗೆ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕೆಂದು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಎದ್ದವು. ಅಗಲ ರಸ್ತೆ, ಹಿಂದಿನ ಸಂದಿ, ಗಟಾರ, ಗಾಳಿ, ಬೆಳಕು ಇವೇ ಆಗಿನ ಅಳತೆಗೋಲು. ಮುಂಬಯಿಯಲ್ಲಿ ಅದೇ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ, ರೋಗದ ಗೂಡು ಎಂದು ಕಂಡ ಚಾಳುಗಳನ್ನು ಕೆಡವಿತು. ಕೆಡವಿದ ಮನೆಯವರು ಎಲ್ಲಿ ಹೋದರು? ಹೆಚ್ಚಿನವರು ಪಕ್ಕದ ಓಣಿಯಲ್ಲೇ ಇನ್ನಷ್ಟು ಇಕ್ಕಟ್ಟಾಗಿ ಸೇರಿಕೊಂಡರು. ಕೆಡವಿದ ಜಾಗದ ಅಳತೆ ಮಾತ್ರ ಸುಧಾರಿಸಿತ್ತು.

ಇದನ್ನು ಕಂಡು ತಕರಾರು ತೆಗೆದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಒಬ್ಬರು. 1914ರಲ್ಲಿ ಭಾರತಕ್ಕೆ ಬಂದ ಅವರು ಊರೂರು ಸುತ್ತಿದರು. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ಓಣಿಯಲ್ಲಿ ನಡೆಯಬೇಕು, ಬಾವಿ ಎಲ್ಲಿದೆ, ಮರ ಎಲ್ಲಿದೆ, ಹೆಂಗಸರು ಎಲ್ಲಿ ಕೂಡುತ್ತಾರೆ ಎಂದು ನೋಡಬೇಕು ಎಂಬುದು ಅವರ ಪಟ್ಟು. ಸಾಧ್ಯವಾದಷ್ಟು ಉಳಿಸಿ, ಅಗತ್ಯವಿದ್ದಷ್ಟೇ ಕೆಡವಿ ಎನ್ನುತ್ತಿದ್ದರು. ಡಾಕ್ಟರು ನಾಡಿ ನೋಡದೆ ಕತ್ತರಿ ಹಿಡಿಯಬಾರದಲ್ಲ, ಹಾಗೆ. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರೂ ಆದರು.

ಆಮೇಲಿನ ಅಳತೆಗಳು ಕಾಗದದ ಮೇಲೆ ಬೆಳೆದವು. 1990ರ ದಶಕದಲ್ಲಿ ಕೆನಡಾದ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮ್ಯಾಥಿಸ್ ವಾಕರ್‌ನಾಗೆಲ್ ಹೊಸ ಪ್ರಶ್ನೆ ಕೇಳಿದರು: ಒಂದು ನಗರ ಉಣ್ಣುವ, ಸುಡುವ, ಬಿಸಾಡುವ ಎಲ್ಲದಕ್ಕೂ ಎಷ್ಟು ನೆಲ ಬೇಕು? ಅಮೆರಿಕದಲ್ಲಿ 2007ರಿಂದ ಬಡಾವಣೆಗಳಿಗೇ ಅಂಕ ಕೊಡುವ ಪದ್ಧತಿಯ ಪ್ರಯೋಗ ನಡೆಯಿತು. ನಮ್ಮ ಕೇಂದ್ರ ಸರಕಾರ 2008ರಲ್ಲಿ ನೀರು, ಚರಂಡಿ, ಕಸ, ಮಳೆನೀರು ಈ ನಾಲ್ಕು ಸೇವೆಗಳಿಗೆ 28 ಮಾನದಂಡ ಇಟ್ಟಿತು. ಅದರಲ್ಲಿ ಒಂದು ಅಂಕಿಯನ್ನು ನೆನಪಿಡಿ: ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು.

ಈಗ ಮಿರಜಕ್ಕೆ ಬರೋಣ. ನಮ್ಮ ಭಾಗದವರಿಗೆ ಮಿರಜ ಎಂದರೆ ಮೊದಲು ನೆನಪಾಗುವುದು 1894ರಲ್ಲಿ ಮಿಶನರಿ ಡಾಕ್ಟರ್ ವಿಲಿಯಂ ವಾನ್ಲೆಸ್ ಕಟ್ಟಿದ ಆಸ್ಪತ್ರೆ. 2016ರ ಏಪ್ರಿಲ್‌ನಲ್ಲಿ ಇಡೀ ದೇಶ ಮಿರಜದ ಕಡೆ ನೋಡಿದ್ದು ಬೇರೆ ಕಾರಣಕ್ಕೆ. ಮಾಂಜರಾ ಅಣೆಕಟ್ಟು ಬತ್ತಿ ಲಾತೂರ ನಗರ ಬಾಯಾರಿತ್ತು. ಕೃಷ್ಣೆಯ ನೀರು ತುಂಬಿದ 10 ವ್ಯಾಗನ್ನುಗಳ ರೈಲು ಮಿರಜದಿಂದ ಹೊರಟಿತು. ಒಂದೊಂದರಲ್ಲಿ 50,000 ಲೀಟರ್, ಒಟ್ಟು 5 ಲಕ್ಷ. ಕೇಳಲು ದೊಡ್ಡದು. 2011ರ ಜನಗಣತಿಯಲ್ಲಿ ಲಾತೂರದ ಜನಸಂಖ್ಯೆ ಸುಮಾರು 3.8 ಲಕ್ಷ. ಭಾಗಿಸಿ ನೋಡಿ: ತಲೆಗೆ 1.3 ಲೀಟರ್. ಆಮೇಲೆ 50 ವ್ಯಾಗನ್ನಿನ ರೈಲು ಓಡಿತು. ಆಗಲೂ ತಲೆಗೆ ಆರೂವರೆ ಲೀಟರ್, ಅರ್ಧ ಕೊಡದಷ್ಟು. 135 ಎಲ್ಲಿ, ಆರೂವರೆ ಎಲ್ಲಿ! ಅದೇ ಲಾತೂರ ಜಿಲ್ಲೆಯಲ್ಲಿ ನೀರು ಕುಡಿಯುವ ಕಬ್ಬು ಮಾತ್ರ ವರ್ಷಗಟ್ಟಲೆ ಬೆಳೆದಿತ್ತು. ಯಾವ ಓಣಿಯ ಲೆಕ್ಕದಲ್ಲೂ ಆ ಕಬ್ಬು ಬರುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಸಾಂಗಲಿಯ ಕಥೆ. 1929ರ ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟ ಅಳೆಯುತ್ತಾರೆ. ಅಲ್ಲಿ 45 ಅಡಿ ಎಂದರೆ ಅಪಾಯ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತು, ಬಡಾವಣೆಗಳಲ್ಲಿ ದೋಣಿ ಓಡಿದವು. ಅದೇ ದಿನಗಳಲ್ಲಿ ಅದೇ ಜಿಲ್ಲೆಯ ನಮ್ಮ ಜತ್ತ ತಾಲೂಕಿನವರು ಆಕಾಶ ನೋಡುತ್ತಿದ್ದೆವು.

ಸಾಂಗಲಿಯ ಕೊಳಚೆ ಶೇರಿ ನಾಲಾ ಹಿಡಿದು ಕೃಷ್ಣೆಗೆ ಸೇರುತ್ತದೆ ಎಂಬ ದೂರು ಬಹಳ ವರ್ಷದ್ದು. ಅದಕ್ಕಿಂತ ಕೆಳಗೆ ಮ್ಹೈಸಾಳದಲ್ಲಿ ಅದೇ ನದಿಯ ನೀರನ್ನು ಪಂಪಿನಿಂದ ಎತ್ತಿ, ಮಿರಜ, ಕವಠೆ ಮಹಾಂಕಾಳ ದಾಟಿಸಿ ಜತ್ತಕ್ಕೆ ತರುವ ಯೋಜನೆ ಇದೆ. ಅಂದರೆ ಪಟ್ಟಣದ ಗಟಾರದ ಲೆಕ್ಕ ಪಟ್ಟಣದಲ್ಲೇ ಮುಗಿಯುವುದಿಲ್ಲ, ಕಾಲುವೆ ಹಿಡಿದು ನಮ್ಮತ್ತಲೂ ಬರುತ್ತದೆ. ತಾಲೂಕಿನ ಪೂರ್ವ ಭಾಗದ ಎಷ್ಟೋ ಹಳ್ಳಿಗಳಿಗೆ ಆ ನೀರು ಮುಟ್ಟದೆಯೇ ವರ್ಷಗಳು ಕಳೆದವು. 2022ರ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ 40 ಗ್ರಾಮಗಳ ಠರಾವಿನ ಮಾತೆತ್ತಿದಾಗ ಟಿವಿಯವರು ಗಡಿಯ ಬಗ್ಗೆ ಕೂಗಾಡಿದರು. ಆ ಠರಾವಿನ ಬೇರಿನಲ್ಲಿ ಇದ್ದದ್ದು ಕೊಡ.

ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದರು. ನಮ್ಮ ವಳಸಂಗದಿಂದ ಓದಲು, ದುಡಿಯಲು ಸಾಂಗಲಿ, ಪುಣೆ, ಬೆಂಗಳೂರು ಸೇರಿದ ತಮ್ಮ ತಂಗಿಯರಿಗೆ ನನ್ನದೊಂದು ಕೋರಿಕೆ. ನೀವಿರುವ ಬಡಾವಣೆಯ ಉದ್ಯಾನ, ಸೋಲಾರ್ ದೀಪ, ಹಸಿಕಸದ ಬುಟ್ಟಿ ಎಲ್ಲವನ್ನೂ ಎಣಿಸಿ, ಒಳ್ಳೆಯದೇ. ಜೊತೆಗೆ ಇನ್ನೆರಡು ಸಾಲು ಬರೆದುಕೊಳ್ಳಿ: ನಿಮ್ಮ ನಳದ ನೀರು ಯಾವ ಊರಿನಿಂದ ಬರುತ್ತದೆ, ನಿಮ್ಮ ಗಟಾರ ಯಾವ ಊರಿಗೆ ಹೋಗುತ್ತದೆ. ರಜೆಗೆ ಬಂದಾಗ ಆ ಚೀಟಿ ತನ್ನಿ, ಯುವಕೂಟದಲ್ಲಿ ನಕ್ಷೆಯ ಮೇಲೆ ಗುರುತು ಹಾಕೋಣ.